ಕುಬಸದ ಎಲೆಯಲ್ಲಿ ಕಹಿ ಸೌತೆಕಾಯಿ

ಮಾಳಮಡ್ಡಿಯಲ್ಲಿ ನಮ್ಮ ಹಿತ್ತಲು ದೊಡ್ಡದೇನಲ್ಲ. ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ, ಉಳಿದ ಜಾಗದಲ್ಲಿ ಈ ಬೇಸಿಗೆಗೆ ನಾನು ಹಾಕಿದ ಸೌತೆ ಬಳ್ಳಿ. ಸೊಳ್ಳೆಪರದೆಯ ಹಳೆಯ ಕೋಲುಗಳನ್ನು ನೆಟ್ಟು ಅದನ್ನು ಹಬ್ಬಿಸಿದ್ದೆ. ಫೋನಿನಲ್ಲಿ ಕನ್ನಡ ಟೈಪು ಮಾಡುವುದನ್ನು ಆಗಷ್ಟೇ ಕಲಿತಿದ್ದೆ. ಓಣಿಯ ಹೆಂಗಸರ ಗ್ರೂಪಿಗೆ ದಿನಾ ಬಳ್ಳಿಯ ಫೋಟೋ ಹಾಕಿ, ಕೆಳಗೆ ‘ಮಾರ್ಕೆಟ್ಟಿನವರು ಬಂದು ನೋಡಿ ಕಲೀರಿ’ ಎಂದೋ, ‘ದೃಷ್ಟಿ ಹಾಕೋರು ದೂರ ನಿಲ್ರಿ’ ಎಂದೋ ಬರೆಯುತ್ತಿದ್ದೆ. ಅವರು ನಗುವ ಮುಖ ಕಳಿಸಿದಷ್ಟೂ ನನ್ನ ಬಾಯಿ ಜೋರಾಯಿತು.

ಬರೆಯದೆ ಬಿಟ್ಟದ್ದು ನೀರಿನ ಮಾತು. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಈ ಸಲ ಅದು ಇನ್ನೂ ತಡವಾಯಿತು. ಅಕ್ಕಿ ತೊಳೆದ ನೀರು ಬಿಟ್ಟರೆ ಬಳ್ಳಿಗೆ ಬೇರೇನೂ ಸಿಗಲಿಲ್ಲ. ಮಧ್ಯಾಹ್ನ ಎಲೆಗಳು ಜೋತು ಬೀಳುತ್ತಿದ್ದವು. ಆ ಫೋಟೋ ಮಾತ್ರ ಹಾಕಲಿಲ್ಲ.

ಪಕ್ಕದ ಮನೆಯಾಕೆಯ ಮಗಳಿಗೆ ಚೊಚ್ಚಲ ಬಸಿರು. ಕುಬಸಕ್ಕೆ, ಎಂದರೆ ಸೀಮಂತಕ್ಕೆ, ಗರಗದಿಂದ ಬೀಗರು ಬರುವವರಿದ್ದರು. ಮದುವೆಯಲ್ಲಿ ಊಟ ಸಾಲಲಿಲ್ಲವೆಂದು ಬೀಗಿತಿ ಇನ್ನೂ ಆಡಿ ತೋರಿಸುತ್ತಿದ್ದಳಂತೆ. ಈ ಸಲವಾದರೂ ಎಲೆಯಲ್ಲಿ ಕುಂದು ಕಾಣಬಾರದೆಂದು ನಮ್ಮ ನೆರೆಯಾಕೆ ವಾರಗಟ್ಟಲೆ ಒದ್ದಾಡಿದ್ದಳು. ಕೋಸಂಬರಿಗೆ ನನ್ನ ಸೌತೆಕಾಯಿ ಬೇಕೆಂದು ಅವಳೇನೂ ಕೇಳಿರಲಿಲ್ಲ, ಹಟ ಹಿಡಿದವಳು ನಾನು. ಮೊದಲ ಕಾಯಿಗಳನ್ನು ದೇವರಿಗೆ ಇಡದೆ ತಿನ್ನುವ ರೂಢಿ ನಮ್ಮಲ್ಲಿಲ್ಲ. ಹೀಗಾಗಿ ನಾನೂ ರುಚಿ ನೋಡಿರಲಿಲ್ಲ.

ಕುಬಸದ ಬೆಳಿಗ್ಗೆ ಬುಟ್ಟಿ ಹೊತ್ತು ಅವರ ಅಡುಗೆಮನೆಗೆ ಹೋದೆ. ಅವಳು ಒಂದು ಕಾಯಿಯ ತುದಿ ಕತ್ತರಿಸಿ, ಕಹಿಯ ನೊರೆ ಹೋಗಲೆಂದು ಆ ತುಂಡಿನಿಂದಲೇ ತಿಕ್ಕತೊಡಗಿದಳು. ನಾನು ಕೈ ಹಿಡಿದೆ.

“ಅದನ್ನ ಸಂತಿ ಕಾಯಿಗೆ ಮಾಡ್ಬೇಕವಾ. ನನ್ನ ಕೂಸಿನ ಮಾರಿ ಯಾಕ ತಿಕ್ಕತಿ?”

“ಹಂಗಲ್ಲರಿ ಕಾಕು, ಒಂದ ರೂಢಿ ಅಂತ...”

“ರೂಢಿ ಬಿಡು. ಬೆಣ್ಣಿ ಇದ್ದಂಗ ಅದಾವ.”

ಅವಳು ನಕ್ಕು ಬಿಟ್ಟುಬಿಟ್ಟಳು. ದೇವರ ಎಡೆಗೆ ಇಡುವ ಅಡುಗೆಯನ್ನು ಮೊದಲೇ ಬಾಯಿಗೆ ಹಾಕುವಂತಿಲ್ಲ. ಹೆಚ್ಚಿದವರಾಗಲಿ, ಒಗ್ಗರಣೆ ಕೊಟ್ಟವರಾಗಲಿ ಯಾರೂ ರುಚಿ ನೋಡಲಿಲ್ಲ.

ಹಿರಿಯಳೆಂದು ನನ್ನನ್ನು ಬೀಗಿತಿಯ ಪಕ್ಕದಲ್ಲೇ ಕೂರಿಸಿದರು. ಮೊದಲ ತುತ್ತಿಗೇ ನೀರು ಸಾಲದ ಬಳ್ಳಿಯ ಕಹಿ ನಾಲಿಗೆಯ ಬುಡದವರೆಗೆ ಇಳಿಯಿತು. ಸಾಲಿನುದ್ದಕ್ಕೂ ಮಾತು ನಿಂತಿತು. ಯಾರೂ ಉಗುಳಲಿಲ್ಲ, ಎಲ್ಲರೂ ನೀರಿನ ಲೋಟಕ್ಕೆ ಕೈ ಹಾಕಿದರು. ಹಸಿರು ಸೀರೆಯುಟ್ಟು ಕುಳಿತಿದ್ದ ಬಸುರಿ ಹುಡುಗಿ ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ತಾಯಿಯ ಮುಖ ನೋಡಿದಳು.

“ಬಸರಿ ಹೆಂಗಸಿನ ಎಲ್ಯಾಗ ಕಹಿ ಬಡಸ್ತಾರೇನ್ರಿ?” ಎಂದಳು ಬೀಗಿತಿ. “ಎಲ್ಲಿಂದ ತಂದ್ರಿ ಈ ಸೌತಿಕಾಯಿ?”

ನೆರೆಯಾಕೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಸಂತ್ಯಾಗ ತಂದದ್ದರಿ. ನಂದ ತಪ್ಪಾತು, ನೋಡಿ ತರಬೇಕಿತ್ತು.”

ಬೀಗಿತಿ ಅಷ್ಟಕ್ಕೆ ಬಿಡಲಿಲ್ಲ. ಸಂತೆಯಲ್ಲಿ ಕಾಯಿ ಆರಿಸುವ ಬಗೆಯಿಂದ ಹೊರಟು ಮದುವೆಯ ಊಟದವರೆಗೆ ಹೋದಳು. ಓಣಿಯಲ್ಲೆಲ್ಲ ಮಾತಿನ ಮಲ್ಲಿ ಎನಿಸಿಕೊಂಡ ನಾನು ಎಲೆಯ ತುದಿಯ ಉಪ್ಪನ್ನು ಬೆರಳಿನಿಂದ ಕೆದರುತ್ತ ಕೂತಿದ್ದೆ. ಹೋಳಿಗೆ ಬಡಿಸಲು ಬಂದ ನೆರೆಯಾಕೆ ತಾಟು ಕೆಳಗಿಟ್ಟು ಬೀಗಿತಿಗೆ ಕೈ ಮುಗಿದಳು. ಅದನ್ನು ನೋಡಿದ ಮೇಲೆ ನನ್ನ ಬಾಯಿ ತೆರೆಯಿತು.

“ಅವು ನಮ್ಮ ಹಿತ್ತಲದಾಗ ಬೆಳದದ್ದರಿ. ಆಕಿ ತಿಕ್ಕಾಕ ಹೋಗಿದ್ಲು, ನಾನ ಬ್ಯಾಡ ಅಂದೆ. ಆಕಿ ತಪ್ಪೇನೂ ಇಲ್ಲ.”

ಬೈಯಲಿ ಎಂದು ಕಾದೆ. ಬೈದಿದ್ದರೆ ಕೊಡಲು ಉತ್ತರವೂ ಸಿದ್ಧವಿತ್ತು. ಬೀಗಿತಿ ನನ್ನ ಬಿಳಿ ಕೂದಲನ್ನೂ ಸುಕ್ಕುಗಟ್ಟಿದ ಕೈಯನ್ನೂ ನೋಡಿದಳು. ಅವಳ ದನಿ ಮಕ್ಕಳ ಜೊತೆ ಮಾತಾಡುವಾಗಿನ ದನಿಯಾಯಿತು.

“ಹೋಗ್ಲಿ ಬಿಡ್ರಿ ಅಜ್ಜಿ. ವಯಸ್ಸಾದ ಮ್ಯಾಲ ತಿಳಿಯೂದಿಲ್ಲ.”

ನನ್ನ ಎಲೆಯ ಕೋಸಂಬರಿಯನ್ನು ಅವಳೇ ಬದಿಗೆ ಸರಿಸಿ, ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿದಳು. ನೆರೆಯಾಕೆಯ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಸಾಲಿನಲ್ಲಿ ಮತ್ತೆ ಮಾತು ಶುರುವಾಯಿತು. ನನ್ನ ಜೊತೆ ಮಾತ್ರ ಎಲ್ಲರೂ ಸ್ವಲ್ಪ ಗಟ್ಟಿಯಾಗಿ, ನಿಧಾನವಾಗಿ ಮಾತಾಡತೊಡಗಿದರು.

ಊಟವಾಗಿ ಏಳುವಾಗ ಇಬ್ಬರು ಬಂದು ನನ್ನ ರಟ್ಟೆ ಹಿಡಿದರು. ಬೇಡ ಎನ್ನಲು ನನಗೆ ಮುಖವಿರಲಿಲ್ಲ. ಹಿಡಿಸಿಕೊಂಡೇ ಎದ್ದೆ.