ಅತ್ತೆಯ ಹಂಚು, ಮಕ್ಕಳ ರೊಟ್ಟಿ

ಶಾಲೆಗೆ ಸೂಟಿ ಇದ್ದ ದಿನ ನಮ್ಮ ಮಿರಜಿನ ಮನೆಯ ಅಡುಗೆಮನೆಯಲ್ಲಿ ಮುಂಜಾನೆ ನಾವು ನಾಲ್ವರು ಇರುತ್ತಿದ್ದೆವು: ಅತ್ತೆ, ನಾನು, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ. ನಮ್ಮವರು ಚಹಾ ಕುಡಿದವರೇ ಸಾಂಗ್ಲಿಯ ಬೆಲ್ಲದ ಪೇಟೆಗೆ ಹೊರಟುಬಿಡುತ್ತಿದ್ದರು. ಆಮೇಲೆ ಮನೆ ನಮ್ಮದು.

ನಾನು ಮಾಧವನಗರದ ಮರಾಠಿ ಮನೆಯ ಹುಡುಗಿ. ಕನ್ನಡ ಕಲಿತದ್ದು ಸೊಸೆಯಾಗಿ ಬಂದ ಮೇಲೆ, ಅತ್ತೆಯ ಮಗ್ಗುಲಲ್ಲಿ ಕುಳಿತು. ರೊಟ್ಟಿ ಬಡಿಯುವುದನ್ನೂ ಮಾತಾಡುವುದನ್ನೂ ಅವರು ಕೂಡಿಯೇ ಕಲಿಸಿದರು. ಎರಡರಲ್ಲಿಯೂ ನಾನು ತಪ್ಪಿದಾಗ ಒಂದೇ ಥರ ನಗುತ್ತಿದ್ದರು.

ಕಟ್ಟೆಯ ಮೇಲೆ ಗ್ಯಾಸಿದ್ದರೂ ಅತ್ತೆ ರೊಟ್ಟಿಗೆ ನೆಲದ ಮೇಲೆ ಬೇರೊಂದು ಗ್ಯಾಸ್ ಒಲೆ ಇಡಿಸಿಕೊಂಡಿದ್ದರು. ನಿಂತು ಬಡಿದರೆ ಅವರಿಗೆ ಅದು ರೊಟ್ಟಿಯೇ ಅಲ್ಲ. ಒಲೆಯ ಮುಂದೆ ಜೋಳದ ಹಿಟ್ಟಿನಿಂದ ಒಂದು ಗೆರೆ ಎಳೆದು, ಮಕ್ಕಳನ್ನು ಗೆರೆಯ ಆಚೆ ಕೂರಿಸುತ್ತಿದ್ದರು. ಬಿಸಿನೀರು ಹಾಕಿ ಕಲಸಿದ ಹಿಟ್ಟನ್ನು ನಾದಿ, ಎರಡು ಸಣ್ಣ ಉಂಡೆ ಮುರಿದು, ಮೊದಲು ತಮ್ಮ ಮಣಿಕಟ್ಟಿನ ಒಳಗೆ ಇಟ್ಟು ನೋಡುತ್ತಿದ್ದರು. ಅಲ್ಲಿ ಚುರ್ ಅನ್ನದಿದ್ದರೆ ಮಾತ್ರ ಮಕ್ಕಳ ಕೈಗೆ.

“ಗೆರಿ ದಾಟಿದವರಿಗೆ ಶೇಂಗಾ ಚಟ್ನಿ ಇಲ್ಲ ನೋಡ್ರಿ.”

“ಕಾಲಿನ ಬಟ್ಟು ದಾಟಿದರ?” ಎಂದು ಮಗ ಕೇಳುತ್ತಿದ್ದ.

“ಬಟ್ಟಿಗೆ ಚಟ್ನಿ ಇಲ್ಲ. ಬಾಯಿಗೆ ಐತಿ.”

ಅವನ ರೊಟ್ಟಿ ನೋಡಿ, “ಇದು ರೊಟ್ಟಿ ಅಲ್ಲೋ ರಾಜಾ, ಮಳಿಗಾಲದ ರಸ್ತಾ. ಬರೇ ತೆಗ್ಗ” ಅನ್ನುವರು. ಅವನು ಉಬ್ಬಿಹೋಗುವನು. ತೆಗ್ಗಿನ ರೊಟ್ಟಿಯನ್ನೂ ಅಷ್ಟೇ ಮರ್ಯಾದೆಯಿಂದ ಬೇಯಿಸಿ ಕೊಡುತ್ತಿದ್ದರು.

ಹೋದ ವರ್ಷದಿಂದ ಮಗಳು ಹೊಸದೊಂದು ಆಟ ಶುರುಮಾಡಿದ್ದಳು. ಗೆರೆಯ ಆಚೆಯಿಂದಲೇ, “ಆಜಿ, ಈಗ ನೀರ ಹಚ್ಚು. ಆಜಿ, ಈಗ ಹೊಳ್ಳಿಸಿ ಹಾಕು” ಎಂದು ಹೇಳಿಕೊಡುವುದು. “ಬಂದಳು ನೋಡು, ನಮ್ಮತ್ತಿ” ಎಂದು ಅತ್ತೆ ನಗುತ್ತಿದ್ದರು. ನಾನೂ ನಕ್ಕೆ. ಆಟವೇ ಎಂದುಕೊಂಡಿದ್ದೆ. ಅತ್ತೆಗೆ ಮರೆವಿನ ಬೇನೆ ಎಂದು ಡಾಕ್ಟರರು ಹೇಳಿದ್ದು ಅದಾದ ಎಷ್ಟೋ ತಿಂಗಳ ಮೇಲೆ. ನಮಗಿಂತ ಮೊದಲು ಅದು ಆ ಕೂಸಿಗೆ ತಿಳಿದಿತ್ತು.

ಡಾಕ್ಟರರು ಹೇಳಿದ ಮೇಲೂ ರೊಟ್ಟಿ ಒಲೆ ಅತ್ತೆಯ ಕೈಯಲ್ಲೇ ಇತ್ತು. ಅದನ್ನೂ ಕಸಿದರೆ ಅವರಿಗೆ ಉಳಿಯುವುದೇನು?

ಒಂದು ಮುಂಜಾನೆ ಹಿತ್ತಿಲಲ್ಲಿ ಅರಿವೆ ಹರವುತ್ತಿದ್ದೆ. ಮಗಳು ತಮ್ಮನ ಕೈಹಿಡಿದು ಎಳೆದುಕೊಂಡು ಓಡಿಬಂದಳು. “ಮಮ್ಮಿ, ಗ್ಯಾಸ್ ವಾಸನಿ!” ಒಳಗೆ ಹೋಗಿ ಒಲೆ ಬಂದ್ ಮಾಡಿದೆ, ಕಿಡಕಿ ತೆಗೆದೆ. ಗುಂಡಿ ತಿರುವಿದ್ದ ಅತ್ತೆ ಬೆಂಕಿ ಹಚ್ಚುವುದನ್ನು ಮರೆತಿದ್ದರು. ತಣ್ಣಗಿನ ಹಂಚಿನ ಮೇಲೆ ರೊಟ್ಟಿ ಹಸಿಯಾಗಿಯೇ ಮಲಗಿತ್ತು. ಅತ್ತೆ ಅದನ್ನೇ ನೋಡುತ್ತ ಕುಳಿತಿದ್ದರು.

“ಈ ಹಂಚ ಯಾಕೋ ಕಾಯವಲ್ದು ನೋಡವಾ” ಅಂದರು.

ಸಂಜೆ ನಮ್ಮವರು ಬಂದ ಮೇಲೆ ಹೇಳಿದೆ. ಅವರು ಹೋಗಿ ಒಲೆಯ ಗುಂಡಿಯನ್ನು ಒಮ್ಮೆ ತಿರುವಿ ನೋಡಿ ಬಂದರು. ಆಮೇಲೆ, “ನಾಳಿಯಿಂದ ಅವ್ವ ಒಲಿ ಮುಂದ ಕುಂದ್ರೂದು ಬ್ಯಾಡ” ಅಂದರು.

“ನೀವ ಹೇಳ್ರಿ ಅವರಿಗೆ.”

“ನನಗ ಆಗೂದಿಲ್ಲ.” ದಿನವಿಡೀ ಪೇಟೆಯಲ್ಲಿ ದಲಾಲರ ಜೊತೆ ಗಂಟಲು ಹರಿದುಕೊಳ್ಳುವ ಮನುಷ್ಯ.

ಬಾಗಿಲ ಮರೆಯಲ್ಲಿದ್ದ ಮಗಳು ಒಳಗೆ ಬಂದಳು. “ಆಜೀನಂ ನಾಹೀ, ಮೀಚ್ ಫಿರವಲಂ” ಅಂದಳು. ಅಜ್ಜಿ ಅಲ್ಲ, ಗುಂಡಿ ತಿರುವಿದವಳು ನಾನೇ ಎಂದು. ಆ ಬಿಗಿ ಗುಂಡಿಯನ್ನು ಒತ್ತಿ ತಿರುವುವಷ್ಟು ಬಲ ಅವಳ ಬೆರಳಲ್ಲಿ ಇರಲಿಲ್ಲ. ಅವಳು ಮತ್ತೊಮ್ಮೆ, ಈ ಸಲ ಕನ್ನಡದಲ್ಲಿ ಹೇಳಿದಳು: “ಖರೇನ ಪಪ್ಪಾ. ಆಜಿಗೆ ಬೈಬ್ಯಾಡ್ರಿ. ರೊಟ್ಟಿ ಅಕಿನ ಮಾಡ್ಲಿ.” ನಮ್ಮವರು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಆಗಲಿ ಅನ್ನಲಿಲ್ಲ.

ಮರುದಿನ ಅತ್ತೆ ಸ್ನಾನ, ಲಿಂಗಪೂಜೆ ಮುಗಿಸಿ ಬರುವ ಮೊದಲೇ ನಾನು ಒಲೆಯ ಮುಂದೆ ಕುಳಿತುಬಿಟ್ಟಿದ್ದೆ. ಅವರು ಬಾಗಿಲಲ್ಲಿ ನಿಂತು ನೋಡಿದರು.

“ಇವತ್ತ ನೀ ಬಡೀತಿಯೇನ?”

“ಹೂಂನ್ರಿ ಅತ್ತಿ. ನೀವು ಹುಡುಗರ ಕಡೆ ನೋಡ್ರಿ.”

ಸಿಟ್ಟಾಗುವರು ಎಂದುಕೊಂಡಿದ್ದೆ. ಆಗಿದ್ದರೆ ಚೆನ್ನಾಗಿತ್ತು. ಗೋಡೆ ಹಿಡಿದು ಮೆಲ್ಲಗೆ ಮಕ್ಕಳ ನಡುವೆ ಕುಳಿತು ಕೈ ಚಾಚಿದರು. ನಾನು ಹಿಟ್ಟಿನ ಉಂಡೆ ಕೊಟ್ಟೆ. ಅವರು ತಟ್ಟಿದ ರೊಟ್ಟಿ ಎಂದಿನಂತೆ ತೆಳ್ಳಗೆ, ದುಂಡಗೆ, ಅಂಚು ಎಲ್ಲಿಯೂ ಬಿರಿದಿರಲಿಲ್ಲ. ಕೈ ಏನನ್ನೂ ಮರೆತಿರಲಿಲ್ಲ. ಮಗ ತನ್ನ ತೆಗ್ಗಿನ ರೊಟ್ಟಿಯನ್ನು ಅವರದರ ಪಕ್ಕಕ್ಕಿಟ್ಟು, “ಆಜಿ, ತುಝಾ ಪಹಿಲಾ ನಂಬರ್” ಅಂದ, ಮೊದಲ ನಂಬರ್ ನಿನ್ನದು ಎಂದು. ಅತ್ತೆಗೆ ನಾಚಿಕೆಯಾಯಿತು, ನಿಜವಾಗಿಯೂ ಸಾಲೆ ಹುಡುಗಿಗೆ ಆಗುವ ಹಾಗೆ. ನಾನು ಹಂಚಿನ ಮೇಲಿನ ರೊಟ್ಟಿಗೆ ನೀರು ಹಚ್ಚುವ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

ಹಾಗೆಯೇ ನಡೆಯಬಹುದಿತ್ತು. ಆದರೆ ನಾನು ಹಾಲು ತರಲು ಹೋದ ಒಂದು ಹೊತ್ತಿನಲ್ಲಿ ಅತ್ತೆ ಕಟ್ಟೆಯ ಹತ್ತಿರ ಹೋಗಿ ಕಡ್ಡಿ ಗೀರಿದ್ದಾರೆ. ಯಾಕೆ ಗೀರಿದೆನೆಂಬುದು ಮರೆತು ಹಿಡಿದೇ ನಿಂತಿದ್ದಾರೆ. ಹೆಬ್ಬೆರಳು, ತೋರುಬೆರಳು ಸುಟ್ಟವು.

ಆ ವಾರದಲ್ಲೇ ನಮ್ಮವರು ಬಡಿಗನನ್ನು ಕರೆತಂದರು. ಅಡುಗೆಮನೆಗೆ ಅಲ್ಲಿಯವರೆಗೆ ಬಾಗಿಲು ಇರಲಿಲ್ಲ, ಬರೀ ಚೌಕಟ್ಟು. ಬಡಿಗ ಮಕ್ಕಳಿಬ್ಬರನ್ನೂ ನೋಡಿ, “ಚಿಲಕ ಮ್ಯಾಲ ಹಾಕತೀನ್ರಿ, ಇವಕ್ಕ ನಿಲುಕಬಾರದು” ಅಂದ.

“ಬ್ಯಾಡ. ಹೊರಗಿನಿಂದ ಹಾಕ್ರಿ, ತಳಕ್ಕ, ಹೊಸ್ತಿಲ ಹತ್ತರ” ಅಂದರು ನಮ್ಮವರು. ಮೇಲೆ ಚಿಲಕವಿದ್ದರೆ ಅತ್ತೆಯ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಕೆಳಗೆ ನೋಡಬೇಕೆಂದು ಅವರಿಗೆ ಹೊಳೆಯದು.

“ಅಲ್ಲಿ ಹಾಕಿದರ ಹುಡುಗರು ತಗೀತಾವಲ್ರಿ ಸಾಹೇಬ್ರ?”

ನಮ್ಮವರು ಬಗ್ಗಿ ಹೊಸ್ತಿಲ ಹತ್ತಿರ ಬೆರಳಿಟ್ಟು ಜಾಗ ತೋರಿಸಿದರು. ಬಡಿಗ ಭುಜ ಕುಣಿಸಿ ಕೆಲಸ ಮುಂದುವರಿಸಿದ.

ಬಾಗಿಲು ನಿಂತ ಮೇಲೆ ಅತ್ತೆ ಬಂದು, ಪಟ್ಟಿ ಕಟ್ಟಿದ ಬೆರಳಿನಿಂದ ಹೊಸ ಕಟ್ಟಿಗೆಯನ್ನು ಸವರಿ ನೋಡಿದರು.

“ಚೊಲೊ ಮಾಡಿದಿ ಮಗನ. ಹುಡುಗರು ಒಲಿ ಕಡೆ ಹೋಗತಾವು. ನನಗ ಅದರದ ಕಾಳಜಿ ಆಗಿತ್ತು.”

“ಹೂಂನವ್ವಾ” ಅಂದರು ನಮ್ಮವರು, ಬಡಿಗನ ಹತಾರಗಳ ಕಡೆ ನೋಡುತ್ತ.

ಸಂಜೆ ನಾನು ಹಾಲು ಕಾಯಿಸಿ ಹೊರಗೆ ಬಂದೆ. ಮಗಳು ಬಾಗಿಲು ಎಳೆದು, ಬಗ್ಗಿ, ಚಿಲಕ ಹಾಕಿದಳು.