ದೂಮಣ್ಣನ ಹೆಗಲ ಹಗ್ಗ

ದೂಮಣ್ಣನ ಹೆಗಲ ಮೇಲೆ ಉಳಿದವರಂತೆ ಟವೆಲ್ ಇರುತ್ತಿರಲಿಲ್ಲ, ಸುರುಳಿ ಸುತ್ತಿದ ಹಗ್ಗ ಇರುತ್ತಿತ್ತು. ಪೀಣ್ಯದಲ್ಲಿ ನಮ್ಮ ಲೇತ್ ಶಾಪಿನ ಪಕ್ಕದ ಶೆಡ್ಡಿನಲ್ಲಿ ಅವರು ವೆಲ್ಡರ್. ತುಮಕೂರು ರಸ್ತೆಯಲ್ಲಿ ಯಾರ ಆಟೋ ಕೆಟ್ಟು ನಿಂತರೂ ತಮ್ಮ ಹಳೆಯ ಮೋಟಾರ್ ಸೈಕಲ್ಲಿಗೆ ಕಟ್ಟಿ, ಗ್ಯಾರೇಜಿಗೆ ಮುಟ್ಟಿಸಿಯೇ ಕೆಲಸಕ್ಕೆ ಬರುತ್ತಿದ್ದರು. ಮಾಲೀಕರು ಬೈದರೆ, "ಎಂಥ ಮಾಡುವುದು ಸಾರ್, ನಿಂತದ್ದು ಕಂಡರೆ ಕೈ ಕೇಳುವುದಿಲ್ಲ" ಎನ್ನುತ್ತಿದ್ದರು.

ಬೆಂಗಳೂರಿಗೆ ಬರುವ ಮುಂಚೆ ಅವರು ಕರಾವಳಿಯ ಬಂದರಿನಲ್ಲಿ ಹದಿನೈದು ವರ್ಷ ಟಗ್ ಓಡಿಸಿದವರು. ದೊಡ್ಡ ಹಡಗಿಗೆ ಹಗ್ಗ ಕಟ್ಟಿ ದಡಕ್ಕೆ ಎಳೆದು ತರುವ ಗಿಡ್ಡ ದೋಣಿಯೇ ಟಗ್. ಊಟದ ಡಬ್ಬಿ ಬಿಚ್ಚಿದರೆ ಸಾಕು, ಟಗ್ಗಿನ ಕತೆ ಶುರು. ಸಮುದ್ರವನ್ನೇ ಕಾಣದ ನಾವು ಮೊಸರನ್ನ ಕಲಸಿಕೊಂಡು ಕೇಳುತ್ತಿದ್ದೆವು, ಅರ್ಧ ನಂಬುತ್ತಿದ್ದೆವು.

ತೊಂಬತ್ತರ ದಶಕದ ಒಂದು ಮಳೆಗಾಲ ನಾಗಸಂದ್ರದಾಚೆಯ ಕೆರೆ ಕೋಡಿ ಬಿತ್ತು. ಕೆರೆ ತುಂಬಿದ ವರ್ಷ ಗಂಗಮ್ಮನನ್ನು ತೆಪ್ಪದಲ್ಲಿ ಕೂರಿಸಿ ಒಂದು ಸುತ್ತು ತರುವುದು ಆ ಹಳ್ಳಿಯ ಪದ್ಧತಿ. ಹಿಂದೆ ಈಜುಗಾರರು ಎಳೆಯುತ್ತಿದ್ದರಂತೆ. ಈಗ ಅವರಿಗೆಲ್ಲ ಮಂಡಿನೋವು. ದೂಮಣ್ಣ ಹಳ್ಳಿಯ ಯಜಮಾನ ಮುನಿಯಪ್ಪನವರ ಮುಂದೆ ಹೋಗಿ ನಿಂತರು. "ನಾನು ಟಗ್ ಮಾಡಿ ಎಳೀತೇನೆ. ಊರು ಬಿಟ್ಟ ಮೇಲೆ ನೀರಿನ ಮೇಲೆ ಏನೂ ಎಳೀಲಿಲ್ಲ. ಒಂದು ಸಲ ದೇವರನ್ನು ಎಳೆಯುವ ಆಸೆ ಉಂಟು."

ಸುದ್ದಿ ತಿಳಿದ ನಮ್ಮ ಶಾಪಿನವರು ನಾವೇನು ಕಮ್ಮಿ ಎಂದು ಎದ್ದರು. "ಅಂಗಾರೆ ಇಬ್ರೂ ದೋಣಿ ಮಾಡ್ಕೊಂಡ್ ಬನ್ನಿ. ಮರಳು ಮೂಟೆ ಏರಿರೋ ತೆಪ್ಪ ಎಳೀರಿ. ಯಾರ್ ದೋಣಿ ಮೂತಿ ಮೊದ್ಲು ಕೋಡಿ ಕಲ್ಲು ಮುಟ್ತದೋ ಅವ್ರು ಅಮ್ಮನ್ನ ಎಳೀಲಿ" ಎಂದರು ಮುನಿಯಪ್ಪ.

ಪಂಪ್‌ಸೆಟ್ಟಿನ ಎಂಜಿನ್, ಖಾಲಿ ಡ್ರಮ್ಮು: ಎರಡೂ ದೋಣಿಗೆ ಅದೇ ಸಾಮಾನು. ಅವರದು ಕಡಾಯಿಯಂತೆ ಗಿಡ್ಡ. ಉದ್ದವಿದ್ದರೆ ವೇಗ ಜಾಸ್ತಿ ಎಂದು ನಾನು ನಮ್ಮದನ್ನು ಇಪ್ಪತ್ತೆರಡು ಅಡಿ ಕಟ್ಟಿಸಿದ್ದೆ, ಓಡಿಸುವವನೂ ನಾನೇ. "ಇದು ದೋಣಿಯಾ ಮಾರಾಯ್ರೆ, ಸೇತುವೆಯಾ?" ಎಂದು ದೂಮಣ್ಣ ನಕ್ಕರು.

ಹಬ್ಬದ ದಿನ ಏರಿಯ ತುಂಬ ತಮಟೆ, ಕಡ್ಲೆಪುರಿ, ಫ್ಯಾಕ್ಟರಿ ಯೂನಿಫಾರಂ. ಅರ್ಧ ಕೆರೆಯವರೆಗೆ ನಾನೇ ಮುಂದೆ. ಅಷ್ಟರಲ್ಲಿ ಎಂಜಿನ್ ತಣಿಸಲು ನೀರೆಳೆಯುವ ಪೈಪಿಗೆ ಅಂತರಗಂಗೆ ಕಳೆಯ ಬೇರು ತುಂಬಿಕೊಂಡು, ಎಂಜಿನ್ ಕಾದು, ಕೆಮ್ಮಿ, ನಿಂತಿತು. ದೂಮಣ್ಣ ನನ್ನನ್ನು ದಾಟಿ ಹೋದರು. ಸ್ವಲ್ಪ ದೂರ ಹೋಗಿ ಹಿಂತಿರುಗಿ ನೋಡಿದರು. ಅಷ್ಟೇ, ಕೈ ಕೇಳಲಿಲ್ಲ.

"ಹೋಗಿ ದೂಮಣ್ಣ, ಗೆಲ್ಲಿ!" ಎಂದು ಕೂಗಿದೆ.

"ಗೆಲ್ಲುವ, ಗೆಲ್ಲುವ. ಮೊದಲು ಹಗ್ಗ ಹಿಡೀರಿ."

ಬಂದರಿನಲ್ಲಿ ಮಾಡುವಂತೆ ನನ್ನ ದೋಣಿಯನ್ನು ತಮ್ಮದರ ಮಗ್ಗುಲಿಗೆ ಬಿಗಿದು, ಎರಡೂ ತೆಪ್ಪಗಳ ಸಮೇತ ಆಮೆನಡಿಗೆಯಲ್ಲಿ ಹೊರಟರು. ನನ್ನ ಸೇತುವೆಯ ಮೂತಿ ಅವರದಕ್ಕಿಂತ ಎಂಟು ಅಡಿ ಮುಂದಿತ್ತು. ಕೋಡಿ ಕಲ್ಲಿಗೆ ಅದೇ ಮೊದಲು ಬಡಿಯಿತು.

"ಎಳ್ಕೊಂಡ್ ಬಂದ್ರೋ ತೇಲ್ಕೊಂಡ್ ಬಂದ್ರೋ ನಂಗೊತ್ತಿಲ್ಲ. ಮೂತಿ ಇವ್ರದೇ ಮುಂದೆ" ಎಂದುಬಿಟ್ಟರು ಮುನಿಯಪ್ಪ.

ನಮ್ಮವರು ನನ್ನನ್ನು ಎತ್ತಿಕೊಂಡು ಕುಣಿದರು. ಗೆದ್ದದ್ದು ದೂಮಣ್ಣ ಎಂದು ನಾನು ಹೇಳಬೇಕಿತ್ತು. ಪೇಟ ಕಟ್ಟಿಸಿಕೊಂಡ ಖುಷಿಯಲ್ಲಿ ಬಾಯಿ ಬರಲಿಲ್ಲ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ. ದೂಮಣ್ಣನ ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ ಬಗ್ಗಿ ನನ್ನ ಪೈಪಿನ ಬೇರು ಕಿತ್ತು ಹಾಕಿದರು.

ಗಂಗಮ್ಮನನ್ನು ನಾನು ಎಳೆದೆ. ದೂಮಣ್ಣ ದಡದಲ್ಲಿ ನನ್ನ ಸಮಕ್ಕೆ ನಡೆಯುತ್ತಾ ಬಂದರು. "ಜಗ್ಗಬೇಡಿ, ಹಗ್ಗ ಬಿಗಿಯಾಗ್ಲಿ! ಈಗ ಎಡಕ್ಕೆ!" ಏರಿ ಮುಗಿದ ಮೇಲೂ ಬಿಡಲಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ, ಹೆಗಲ ಹಗ್ಗದ ಸಮೇತ, ಕೆರೆಯ ಪೂರ್ತಿ ಸುತ್ತು ನಡೆದರು.

ಮತ್ತೆ ಎರಡು ವರ್ಷ ಕೆರೆ ತುಂಬಲಿಲ್ಲ. ಅಷ್ಟರಲ್ಲಿ ಕಣ್ಣಿಗೆ ವೆಲ್ಡಿಂಗ್ ಬೆಳಕು ಆಗದೆ, ದೂಮಣ್ಣ ಊರಿಗೆ ಹೊರಟುನಿಂತರು. ಬಸ್ ಹತ್ತಿಸಲು ಹೋದವನು ಕೊನೆಗೂ ಬಾಯಿಬಿಟ್ಟೆ. "ಅವತ್ತು ಗೆದ್ದಿದ್ದು ನೀವು. ನಾನು ಹೇಳ್ಲಿಲ್ಲ."

"ಅಯ್ಯೋ, ಬಂದರಿನ ಪುಸ್ತಕದಲ್ಲಿ ಹಡಗು ಬಂತು ಅಂತ ಬರೀತಾರೆ. ಎಳೆದವನ ಹೆಸರು ಯಾರು ಬರೀತಾರೆ ಮಾರಾಯ್ರೆ?" ಎಂದು ನಕ್ಕು ಕಿಟಕಿಯ ಪಕ್ಕ ಕೂತರು. ಕಿಟಕಿಯಿಂದ ತಲೆ ಹೊರಹಾಕಿ, "ಆದರೆ ಆ ಎಂಟು ಅಡಿ ನೀವು ಕತ್ತರಿಸಬೇಕಿತ್ತು" ಎಂದರು.

ಬಸ್ಸು ಮೆಲ್ಲಗೆ ಹೊರಟಿತು. ಕಿಟಕಿಯ ಸಮಕ್ಕೆ ನಾನೂ ನಡೆಯತೊಡಗಿದೆ. "ಸಾಕು, ನಿಲ್ಲಿ" ಎಂದು ಕೈ ಬೀಸಿದರು. ಮುಂದೆ ರಸ್ತೆ ಬದಿ ಅಗೆದು ಕೆಸರಾಗಿತ್ತು. ಬಸ್ಸು ವೇಗ ಹಿಡಿಯುವವರೆಗೂ ಅದರಲ್ಲೇ ನಡೆದೆ.