ಬಿಡ್ತಾ? ಬಿಡ್ತು

ನಾನು ಕಾಲು ಮುಂದಾಗಿ ಹುಟ್ಟಿದವಳು. ಹೊಸದುರ್ಗದ ಕಡೆ, ಹಾಲುರಾಮೇಶ್ವರಕ್ಕೆ ಹೋಗುವ ದಾರಿಯಲ್ಲಿರುವ ಅಮ್ಮನ ತವರಿನಲ್ಲಿ ಸೂಲಗಿತ್ತಿಗೆ ನನ್ನ ತಲೆಗಿಂತ ಮೊದಲು ಅಂಗಾಲು ಕಂಡಿತಂತೆ. ಹಾಗೆ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ತುಳಿದರೆ ಹಿಡಿದುಕೊಂಡ ಬೆನ್ನು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಆರೇಳು ವರ್ಷದವಳಿದ್ದಾಗಿನಿಂದ ಜನರ ಬೆನ್ನು ತುಳಿದಿದ್ದೇನೆ. ಬೋರಲು ಮಲಗಿದವರ ಸೊಂಟದ ಮೇಲೆ ಕಾಲಿಟ್ಟು, ತುಳಿದು, ‘ಬಿಡ್ತಾ?’ ಎಂದು ನಾನು ಕೇಳಬೇಕು. ಅವರು ‘ಬಿಡ್ತು’ ಅನ್ನಬೇಕು. ಬಿಡದಿದ್ದರೂ ಹಾಗೇ ಅನ್ನಬೇಕು. ಇಲ್ಲ ಎಂದುಬಿಟ್ಟರೆ ನೋವು ಅಲ್ಲೇ ಮನೆ ಮಾಡುತ್ತದಂತೆ.

ಆಮೇಲೆ ನಾನು ಬಿ.ಎಸ್ಸಿ. ಓದಿದೆ. ಹೊಳಲ್ಕೆರೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಬೆನ್ನುಮೂಳೆಯ ಮಣಿಗಳು, ಅವುಗಳ ನಡುವಿನ ಮೆತ್ತೆ, ಪಕ್ಕದಿಂದ ಹೊರಡುವ ನರಗಳು, ಇವನ್ನೆಲ್ಲ ಪ್ರತಿವರ್ಷ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತೇನೆ. ಸಂಜೆ ಮನೆಗೆ ಬಂದಾಗ ಯಾರಾದರೂ ಸೊಂಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರೆ ಚಪ್ಪಲಿ ಬಿಟ್ಟು ತುಳಿಯುತ್ತಿದ್ದೆ. ಇಲ್ಲ ಎಂದರೆ ಜಂಭ ಅಂದುಕೊಂಡಾರು ಎಂಬ ಅಂಜಿಕೆ.

ನನ್ನ ತಂಗಿಯದು ಬೇರೆ ಬಗೆಯ ಮೈ. ಕೈ ಚಾಚಿದರೆ ಮೊಣಕೈ ನೇರವಾಗಿ ನಿಲ್ಲದೆ ಹಿಂದಕ್ಕೆ ಬಾಗುತ್ತಿತ್ತು. ನಿಂತರೆ ಮೊಣಕಾಲು ಹಿಂದಕ್ಕೆ ಬಿಲ್ಲಾಗುತ್ತಿತ್ತು. ಹೆಬ್ಬೆರಳನ್ನು ಮಡಚಿ ಮುಂಗೈಗೆ ತಾಗಿಸುತ್ತಿದ್ದಳು. ಚಿಕ್ಕವರಿದ್ದಾಗ ಮನೆಗೆ ನೆಂಟರು ಬಂದರೆ, “ಲೇ, ಕೈ ತೋರ್ಸೇ,” ಎಂದು ಅವಳನ್ನು ಒಳಗಿನಿಂದ ಎಳೆದು ತರುತ್ತಿದ್ದವಳು ನಾನು. ಅವಳು ನಗುತ್ತ ತೋರಿಸುತ್ತಿದ್ದಳು. ತುಟಿ ಅಗಲವಾಗುತ್ತಿತ್ತು, ಗದ್ದ ಮಾತ್ರ ಸಣ್ಣಗೆ ನಡುಗುತ್ತಿತ್ತು. ಆ ನಗು ಏನೆಂದು ನನಗೆ ಆಗಲೇ ಗೊತ್ತಿತ್ತು. ನೋಯುತ್ತದೆಯೇ ಎಂದು ಕೇಳಿದವರಿಲ್ಲ. ಗಂಡಿನ ಕಡೆಯವರು ನೋಡಲು ಬಂದ ದಿನ ಮಾತ್ರ ಅಮ್ಮ, “ಕೈ ಮಡಚ್ಕಂಡು ಕುಂತ್ಕ. ಊನ ಐತೆ ಅಂದ್ಕಂಡಾರು,” ಎಂದಿದ್ದಳು.

ಮದುವೆಯಾಗಿ ಅವಳು ಬಂದದ್ದೂ ಹೊಳಲ್ಕೆರೆಗೇ, ನಮ್ಮ ಬೀದಿಯ ಕೊನೆಯ ಮನೆಗೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಬಗ್ಗಿ ಕೂತು ಕೂತು ಕತ್ತು, ಸೊಂಟ ನೋಯುತ್ತಿದ್ದವು. ಸಮುದಾಯ ಭವನದಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು ಹೆಂಗಸರಿಗೆ ಬೆಳಗಿನ ಹೊತ್ತು ಯೋಗ ಹೇಳಿಕೊಡುತ್ತಿದ್ದರು. “ಬಾರೇ, ಹೋಗಾಣ,” ಎಂದು ಕರೆದುಕೊಂಡು ಹೋದವಳೂ ನಾನೇ.

ತಿಂಗಳೊಳಗೆ ಅವಳು ಮುಂದಿನ ಸಾಲಿಗೆ ಹೋದಳು, ನಾನು ಹಿಂದಿನ ಸಾಲಿನಲ್ಲೇ ಉಳಿದೆ. ನನ್ನ ಕೈ ಕಾಲ್ಬೆರಳನ್ನು ಮುಟ್ಟುತ್ತಿರಲಿಲ್ಲ. ಪಕ್ಕದಲ್ಲಿ ನಿಲ್ಲುತ್ತಿದ್ದ ಅಡಿಕೆ ವ್ಯಾಪಾರಿಗಳ ಮನೆಯ ಹೆಂಗಸು, “ಒಂದೇ ಹೊಟ್ಟೇಲಿ ಹುಟ್ಟಿದೋರೇನ್ರಿ ನೀವು? ತಂಗಿ ಬಳ್ಳಿ, ಅಕ್ಕ ದುರ್ಗದ ಬಂಡೆ,” ಎಂದು ನಗಿಸುತ್ತಿದ್ದಳು.

ಮೇಷ್ಟ್ರಿಗಂತೂ ಹಿಡಿಸಲಾರದಷ್ಟು ಹೆಮ್ಮೆ. “ಇಪ್ಪತ್ತು ವರ್ಷ ಮಾಡಿದ್ರೂ ನನ್ ಬೆನ್ನು ಹಿಂಗೆ ಬಾಗಲಿಲ್ಲ. ರಬ್ಬರ್ ಕಣ್ರಮ್ಮ ಈಯಮ್ಮ.” ಚಿತ್ರದುರ್ಗದಲ್ಲಿ ನಡೆಯುವ ಸ್ಪರ್ಧೆಗೆ ಅವಳ ಹೆಸರು ಕೊಟ್ಟರು. ಅಲ್ಲಿ ಆಸನದಲ್ಲಿರುವಾಗ ಮುಖ ಕಿವಿಚಿದರೆ ಅಂಕ ಹೋಗುತ್ತದೆ, ನಗುತ್ತಿರಬೇಕು ಎಂದು ಹೇಳಿಕೊಟ್ಟರು. ನನ್ನ ತಂಗಿಗೆ ಅದೊಂದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಬೆಳಿಗ್ಗೆ ಅವಳು ಚಕ್ರಾಸನದಲ್ಲಿದ್ದಳು. ಅಂಗೈ, ಅಂಗಾಲು ನೆಲಕ್ಕೆ, ಹೊಟ್ಟೆ ಮೇಲಕ್ಕೆ. ನಾವೆಲ್ಲ ನಮ್ಮ ನಮ್ಮ ಆಸನ ಬಿಟ್ಟು ನೋಡುತ್ತ ಕೂತೆವು. ಮೇಷ್ಟ್ರು ಅವಳ ಸೊಂಟದ ಕೆಳಗೆ ಕೈಕೊಟ್ಟು ಎತ್ತಿ, “ಕೈ ಇನ್ನೊಂದು ಗೇಣು ಕಾಲಿನ ಕಡೆ ತಗಳ್ರಿ. ಮುಖದಾಗೆ ನಗು ಇರ್ಲಿ,” ಎಂದರು. ಅವಳು ಕೈ ಸರಿಸಿದಳು. “ಇನ್ನೊಂದು ಗೇಣು.” ಮತ್ತೆ ಸರಿಸಿದಳು. ಮೊಣಕೈಗಳು ಹಿಂದಕ್ಕೆ ಬಾಗಿ ಬೀಗ ಹಾಕಿದಂತೆ ನಿಂತಿದ್ದವು. ನನ್ನ ಕಡೆ ಅವಳ ಮುಖ ತಲೆಕೆಳಗಾಗಿತ್ತು. ತಲೆಕೆಳಗಾದ ಮುಖದಲ್ಲಿ ನಗು ಅಳುವಿನಂತೆ ಕಾಣುತ್ತದೆ. ಗದ್ದ ನಡುಗುತ್ತಿತ್ತು.

ಸಾಕು ಮೇಷ್ಟ್ರೇ ಎನ್ನಲು ಎಷ್ಟು ಹೊತ್ತು ಬೇಕು? ಇಂದಿಗೂ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಿರುವಾಗ ಆ ಎರಡು ಮಾತನ್ನು ಬಾಯೊಳಗೇ ಆಡಿ ನೋಡುತ್ತೇನೆ. ಒಂದು ಉಸಿರೂ ಬೇಡ. ಅವತ್ತು ಯಾರೋ ಚಪ್ಪಾಳೆ ಶುರು ಮಾಡಿದರು. ನಾನೂ ತಟ್ಟಿದೆ.

ಚಪ್ಪಾಳೆಯ ನಡುವೆ ಅವಳು ‘ಹ್ಞಾ’ ಎಂದಳು. ಕೈ ಜಾರಿ ಬೆನ್ನಡಿಯಾಗಿ ಬಿದ್ದಳು. ಬಿದ್ದದ್ದು ಜಮಖಾನದ ಮೇಲೆ, ಒಂದು ಮೊಳದ ಎತ್ತರದಿಂದ. ಆದರೆ ಏಳಲು ಆಗಲಿಲ್ಲ.

“ಏನೂ ಆಗಿಲ್ಲ, ಚಳುಕು ಹಿಡ್ಕಂಡೈತೆ ಅಷ್ಟೆ,” ಎಂದರು ಮೇಷ್ಟ್ರು. ಅಡಿಕೆ ವ್ಯಾಪಾರಿಗಳ ಮನೆಯವಳು ನನ್ನ ಕಡೆ ತಿರುಗಿದಳು. “ಅಕ್ಕ ಇಲ್ಲೇ ಅವ್ರಲ್ಲ, ಕಾಲು ಮುಂದಾಗಿ ಹುಟ್ಟಿದೋರು. ತುಳೀರಿ ಮತ್ತೆ.”

“ಆಸ್ಪತ್ರೆಗೆ ಕರ್ಕಂಡು ಹೋಗಾಣ,” ಎಂದೆ.

“ನೋಡ್ರಿ, ಓದಿದೋರು ಅಂದ್ರೆ ಹಿಂಗೆ. ಊರೋರ ಬೆನ್ನಿಗೆ ಕಾಲು, ಒಡಹುಟ್ಟಿದೋಳಿಗೆ ಆಸ್ಪತ್ರೆ.”

ಒಬ್ಬಿಬ್ಬರು ನಕ್ಕರು. ತಂಗಿಯೂ, “ತುಳಿಯಕ್ಕ, ಸುಮ್ನೆ ಯಾಕೆ ಮಾತು,” ಎಂದಳು. ನಾಲ್ಕು ಜನ ಸೇರಿ ಅವಳನ್ನು ಬೋರಲು ಮಲಗಿಸಿದರು. ನಾನು ಎಡಗಾಲು ಇಟ್ಟೆ. ಅಂಗಾಲಿನ ಕೆಳಗೆ ಅವಳ ಬೆನ್ನು ಹಲಗೆಯಂತೆ ಬಿಗಿದಿತ್ತು. ತುಳಿದೆ.

“ಬಿಡ್ತಾ?”

“ಬಿಡ್ತು.”

ಇನ್ನೊಮ್ಮೆ ತುಳಿದೆ. “ಬಿಡ್ತಾ?”

“ಬಿಡ್ತು. ಅಕ್ಕ, ಕಾಲು ಜುಮ್ ಅಂತೈತಲ್ಲ.”

ನಾನು ಕಾಲು ತೆಗೆದೆ. ಪಕ್ಕದಿಂದ ಯಾರೋ, “ಬಿಡ್ತಾ ಐತೆ, ಅದಕ್ಕೇ ಜುಮ್ ಅನ್ನೋದು. ಅರ್ಧಕ್ಕೆ ನಿಲ್ಲಿಸ್ಬ್ಯಾಡ್ರಿ,” ಎಂದರು. ನರಕ್ಕೆ ಒತ್ತಡ ಬಿದ್ದರೆ ಜುಮ್ಮೆನ್ನುತ್ತದೆ ಎಂದು ಒಂಬತ್ತನೇ ತರಗತಿಯ ಮಕ್ಕಳಿಗೆ ಹೇಳಿಕೊಡುವವಳು ನಾನು. ಮೂರನೆಯ ಸಲವೂ ತುಳಿದೆ. ಮೂರನೆಯ ಸಲವೂ ಅವಳು ‘ಬಿಡ್ತು’ ಎಂದಳು.

ಇಬ್ಬರು ಹಿಡಿದುಕೊಂಡು ನಡೆಸಿದರು. ಬಾಗಿಲು ದಾಟಿ ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಒಬ್ಬಳು, “ಚಪ್ಲಿ ಬಿಟ್ಟು ಹೋಗ್ತೀರಲ್ರಿ,” ಎಂದು ಕೂಗಿದಳು. ಎಡಗಾಲಿನ ಚಪ್ಪಲಿ ನಾಲ್ಕು ಹೆಜ್ಜೆ ಹಿಂದೆ ಬಿದ್ದಿತ್ತು. ತಂಗಿ ತನ್ನ ಬರಿಗಾಲನ್ನು ನೋಡಿದಳು. ಜಲ್ಲಿಯ ಮೇಲೆ ನಿಂತಿದ್ದಳು, ಅವಳಿಗೆ ಗೊತ್ತೇ ಆಗಿರಲಿಲ್ಲ. ಪಾದ ಎತ್ತು ಎಂದೆ. ಬೆರಳು ಕೂಡ ಅಲುಗಲಿಲ್ಲ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಮಣಿಗಳ ನಡುವಿನ ಮೆತ್ತೆ ಜಾರಿ ನರ ಅದುಮಿತ್ತು. ಏನು ಮಾಡುವಾಗ ಆಯಿತು ಎಂದು ಡಾಕ್ಟರು ಕೇಳಿದರೆ ತಂಗಿ, “ಆಸನ ಮಾಡೋವಾಗ ಜಾರ್ದೆ,” ಎಂದಳು. ಅಷ್ಟೇ ಹೇಳಿದಳು. ನಾನು ಮಂಚದ ಕಂಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಆಪರೇಷನ್ ಆಯಿತು. ಆಮೇಲೊಂದು ದಿನ ನಾನೊಬ್ಬಳೇ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಚೆನ್ನಾಗಿತ್ತು.

“ಬಾಗಿದ್ದರಿಂದಲೋ, ಬಿದ್ದಿದ್ದರಿಂದಲೋ, ತುಳಿದಿದ್ದರಿಂದಲೋ, ಈಗ ಹೇಳಕ್ಕಾಗಲ್ಲಮ್ಮ. ಜುಮ್ ಅಂದ ಮೇಲೆ ಮುಟ್ಟಬಾರದಿತ್ತು.”

ಹೇಳಲಾಗುವುದಿಲ್ಲ ಎಂಬುದನ್ನು ಜನ ಸಮಾಧಾನ ಎಂದುಕೊಳ್ಳುತ್ತಾರೆ.

ಮೇಷ್ಟ್ರು ಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದರು. “ನಮಗೂ ಹಿಂಗೇ ಎತ್ತಿ ಬಗ್ಗಿಸಿಯೇ ಕಲಿಸಿದ್ದು ಕಣಮ್ಮ,” ಎಂದರು. ಮರುದಿನ ಅವರ ತರಗತಿ ಎಂದಿನಂತೆ ನಡೆಯಿತು.

ತಿಂಗಳುಗಟ್ಟಲೆ ವಾರಕ್ಕೆರಡು ದಿನ ಬಸ್ಸಿನಲ್ಲಿ ದುರ್ಗಕ್ಕೆ ಹೋಗಿ ಅವಳಿಗೆ ವ್ಯಾಯಾಮ ಮಾಡಿಸಿಕೊಂಡು ಬಂದೆ. ವ್ಯಾಯಾಮ ಹೇಳಿಕೊಡುವ ಹುಡುಗಿ ಮೊದಲ ದಿನವೇ ಅವಳ ಮೊಣಕೈ ನೋಡಿ, “ಇದು ಮುಂಚಿಂದಾನೂ ಹಿಂಗೇನಾ?” ಎಂದು ಕೇಳಿದಳು. ಮೂವತ್ತೈದು ವರ್ಷದಲ್ಲಿ ಆ ಪ್ರಶ್ನೆಯನ್ನು ಬೆರಗಿಲ್ಲದೆ ಕೇಳಿದವಳು ಅವಳೊಬ್ಬಳೇ. “ನಿಮ್ಮ ಬೆನ್ನು ಬಿಲ್ಲಿನ ಹಾಗೆ ಪೂರ್ತಿ ಬಾಗ್ತಿರಲಿಲ್ಲ ಅಕ್ಕ. ಒಂದೇ ಜಾಗದಲ್ಲಿ ಬಾಗಿಲಿನ ಕೀಲಿನ ಹಾಗೆ ಮಡಚ್ಕೊಳ್ತಿತ್ತು. ಸಡಿಲ ಮೈಯವರು ಬಾಗೋದನ್ನ ಕಲಿಯೋದಲ್ಲ, ನಿಲ್ಲಿಸೋದನ್ನ ಕಲೀಬೇಕು.” ಕೈ ಊರಿದಾಗ ಮೊಣಕೈಯನ್ನು ಕೊನೆಯವರೆಗೂ ನೂಕಬಾರದು, ಕೂದಲೆಳೆಯಷ್ಟು ಮಡಚಿರಬೇಕು. ನಿಂತಾಗ ಮೊಣಕಾಲೂ ಹಾಗೇ. ಮೊದಲು ಹೊಟ್ಟೆ, ತೊಡೆ, ಭುಜ ಗಟ್ಟಿಯಾಗಬೇಕು. ಯಾರೂ ಹಿಡಿದು ಬಗ್ಗಿಸಬಾರದು.

ತಂಗಿ ಅದನ್ನು ತನ್ನ ಕಸುಬಿನ ಲೆಕ್ಕದಲ್ಲಿ ಅರ್ಥಮಾಡಿಕೊಂಡಳು. “ಎಳೆದಷ್ಟೂ ಬರೋ ಇಲಾಸ್ಟಿಕ್ ಒಳ್ಳೇದಲ್ಲ ಕಣಕ್ಕ. ವಾಪಸ್ ಹೋಗ್ಬೇಕು ಅದು. ಸತ್ತಿರೋ ಇಲಾಸ್ಟಿಕ್ ನೋಡಿ ನೀವೆಲ್ಲ ಚಪ್ಪಾಳೆ ಹೊಡೀತಿದ್ರಿ.”

ಪಾದಕ್ಕೆ ಬಲ ಪೂರ್ತಿ ಮರಳಲಿಲ್ಲ. ಕಾಲು ಮುಂದಿಡುವಾಗ ಎಡಗಾಲಿನ ತುದಿ ನೆಲ ಕೆರೆಯುತ್ತದೆ. ಮಿಷನ್ನಿಗೆ ಮೋಟರ್ ಹಾಕಿಸಿಕೊಂಡು ಬಲಗಾಲಿನಿಂದ ನಡೆಸುತ್ತಾಳೆ. ಬೀದಿಯಲ್ಲಿ ಅವಳು ಬರುತ್ತಿರುವುದು ಸದ್ದಿನಿಂದಲೇ ನನಗೆ ತಿಳಿಯುತ್ತದೆ.

ಜನ ಬರುವುದು ನಿಲ್ಲಲಿಲ್ಲ. ನನ್ನ ಮಂಡಿ ನೋಯುತ್ತದೆ, ಈಗ ತುಳಿಯುವುದಿಲ್ಲ ಎಂದು ಸುಳ್ಳು ಹೇಳಿ ಕಳಿಸುತ್ತಿದ್ದೆ. ಹೋದ ತಿಂಗಳು ಭೀಮಸಮುದ್ರದಿಂದ ಒಬ್ಬ ಹೆಂಗಸು ಸೊಂಟಕ್ಕೆ ಕೈಕೊಟ್ಟುಕೊಂಡು ಬಂದಳು. ತಂಗಿ ನಮ್ಮ ಜಗಲಿಯ ಮೇಲೆ ಕೂತು ರವಿಕೆಗೆ ಹುಕ್ಕು ಹಾಕುತ್ತಿದ್ದಳು.

“ಬೆನ್ನು ತುಳಿಯೋ ಅಕ್ಕೋರು ನೀವೇನಾ? ಒಂಚೂರು ಕಾಲಿಡ್ರಿ, ದೂರದಿಂದ ಬಂದೀನಿ.”

“ತುಳಿಯೋದು ಬಿಟ್ಟಿದೀನಿ. ಆಸ್ಪತ್ರೆಗೆ ತೋರಿಸ್ರಿ.”

“ಯಾಕ್ರಿ ಬಿಟ್ರಿ?”

ಮಂಡಿಯ ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಪಕ್ಕದಲ್ಲಿ ಆ ಪಾದ ಇತ್ತು, ಜಗಲಿಯಿಂದ ಇಳಿಬಿದ್ದು, ಬೆರಳು ನೆಲದ ಕಡೆ. “ನಮ್ಮ ತಂಗಿನ ತುಳಿದೆ,” ಎಂದೆ. “ಅವಳ ಕಾಲು ಹೋಯ್ತು.”

ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ಕೆಟ್ಟ ಮಾತು ಕೇಳಿದಾಗ ನಾವೆಲ್ಲ ಅನ್ನುವಂತೆ, “ಬಿಡ್ತು ಅನ್ರಿ, ಬಿಡ್ತು ಅನ್ರಿ,” ಎಂದಳು.

ತಂಗಿ ಹಲ್ಲಿನಿಂದ ದಾರ ಕಡಿದಳು. ತಲೆಯೆತ್ತಲಿಲ್ಲ, ನಗಲೂ ಇಲ್ಲ.

“ಬಿಡ್ಲಿಲ್ಲ ಕಣ್ರಿ,” ಎಂದಳು. “ಅವತ್ತೂ ಬಿಟ್ಟಿರ್ಲಿಲ್ಲ.”